ಮೇಳದ ಮುಂದೆ ನಿಂತವನ ಬಾಳು

ಉತ್ತರ ಕರ್ನಾಟಕದ ಊರುಗಳಲ್ಲಿ ಮದುವೆಯ ಹಂದರಕ್ಕೆ ಕಂಬ ನೆಡುವುದರಿಂದ ಹಿಡಿದು ಜಾತ್ರೆಯ ತೇರಿನ ಗಾಲಿ ಉರುಳುವವರೆಗೆ ಯಾವ ಮಂಗಳಕಾರ್ಯವೂ ವಾದ್ಯವಿಲ್ಲದೆ ಸಾಗುವುದಿಲ್ಲ. ಆದರೂ ಆ ವಾದ್ಯಗಳನ್ನು ನುಡಿಸುವ ಮನುಷ್ಯರ ಬಗ್ಗೆ, ಅದರಲ್ಲೂ ಐದಾರು ಜನರನ್ನು ಕಟ್ಟಿಕೊಂಡು ಅವರ ಮುಂದೆ ನಿಂತು ನುಡಿಸುವ ಮೇಳದ ಹಿರಿಯನ ಬಗ್ಗೆ, ಬರೆದದ್ದು ಬಹಳ ಕಡಿಮೆ. ಸಭಾಭವನದಲ್ಲಿ ಕಛೇರಿ ನಡೆಸುವ ಗಾಯಕನಿಗೆ ಇರುವ ಜೀವನಚರಿತ್ರೆ ಇವನಿಗಿಲ್ಲ, ಹವ್ಯಾಸಕ್ಕಾಗಿ ನುಡಿಸುವವನಿಗೆ ಇರುವ ನಿಶ್ಚಿಂತೆಯೂ ಇಲ್ಲ. ಸಂಗೀತವೇ ಇವನ ದುಡಿಮೆ, ಮೇಳವೇ ಇವನ ಸಂಸಾರ. ಇವತ್ತು ಯಾರು ಬರುತ್ತಾರೆ, ಯಾರು ಬರುವುದಿಲ್ಲ, ಯಾವ ಧಾಟಿಯನ್ನು ಎಲ್ಲಿ ಎತ್ತಿಕೊಳ್ಳಬೇಕು, ಬಂದ ಹಣವನ್ನು ಹೇಗೆ ಹಂಚಬೇಕು ಎಂಬ ಲೆಕ್ಕಗಳೆಲ್ಲ ಒಂದೇ ತಲೆಯಲ್ಲಿ ಒಟ್ಟಿಗೆ ನಡೆಯುತ್ತಿರುತ್ತವೆ. ಅಮೆರಿಕದ ಜಾಜ್ ಸಂಗೀತದ ಇತಿಹಾಸದಲ್ಲಿ ಇಂಥ ವ್ಯಕ್ತಿಯನ್ನು ಬ್ಯಾಂಡ್‌ಲೀಡರ್ ಎಂದು ಕರೆದು ಅವನ ಮೇಲೆ ಗ್ರಂಥಗಳನ್ನೇ ರಚಿಸಲಾಗಿದೆ. ವಿಜಯಪುರ ಜಿಲ್ಲೆಯ ಕೊಲ್ಹಾರ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಭಾಗದಲ್ಲಿ ಅದೇ ಬಾಳನ್ನು ಬಾಳುವವನಿಗೆ ಭಜಂತ್ರಿ ಎಂಬ ಅಡ್ಡಹೆಸರೊಂದೇ ಗುರುತಾಗಿ ಉಳಿದಿದೆ.

ಜಾಜ್ ಎಂಬುದು ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ನ್ಯೂ ಆರ್ಲಿಯನ್ಸ್ ಎಂಬ ಬಂದರು ನಗರದ ಕಪ್ಪು ಜನರ ನಡುವೆ ರೂಪುಗೊಂಡ ಸಂಗೀತ. ಗುಲಾಮಗಿರಿಯ ಕಾಲದ ದುಡಿಮೆಯ ಹಾಡು, ಚರ್ಚಿನ ಪ್ರಾರ್ಥನೆ, ನೋವು ತೋಡಿಕೊಳ್ಳುವ ಬ್ಲೂಸ್ ಎಂಬ ಹಾಡಿನ ಬಗೆ, ಸೈನ್ಯದ ಹಿತ್ತಾಳೆ ವಾದ್ಯಗಳು ಇವೆಲ್ಲ ಅದರಲ್ಲಿ ಒಂದಾದವು. ಇಂದು ಅದನ್ನು ದೊಡ್ಡ ಹೋಟೆಲುಗಳ ಮಂದ ಬೆಳಕಿನ ಸಂಗೀತವೆಂದು ಭಾವಿಸುವವರು ಹಲವರಿದ್ದರೂ ಅದು ಹುಟ್ಟಿದ್ದು ಬೀದಿಯಲ್ಲಿ, ಮೆರವಣಿಗೆಯಲ್ಲಿ. ಆ ನಗರದಲ್ಲಿ ಯಾರಾದರೂ ತೀರಿಕೊಂಡರೆ ವಾದ್ಯದವರು ಸ್ಮಶಾನದವರೆಗೆ ನಿಧಾನಗತಿಯ ಪ್ರಾರ್ಥನಾಗೀತೆಗಳನ್ನು ನುಡಿಸುತ್ತ ಶವದ ಮುಂದೆ ನಡೆಯುತ್ತಿದ್ದರು, ಮಣ್ಣು ಮಾಡಿ ಮರಳುವಾಗ ಅದೇ ವಾದ್ಯಗಳಲ್ಲಿ ಕುಣಿತದ ಲಯ ಎತ್ತಿಕೊಳ್ಳುತ್ತಿದ್ದರು, ಬೀದಿಯ ಜನ ಅವರ ಹಿಂದೆ ಹೆಜ್ಜೆ ಹಾಕುತ್ತ ಬರುತ್ತಿದ್ದರು. ಹಲಗೆ ಬಡಿತ ಮತ್ತು ಭಜನೆಯೊಂದಿಗೆ ಶವವನ್ನು ಕುಳ್ಳಿರಿಸಿ ಮೆರವಣಿಗೆಯಲ್ಲಿ ಒಯ್ಯುವುದನ್ನು ಕಂಡಿರುವ ಬಿಜಾಪುರ ಸೀಮೆಯ ಓದುಗರಿಗೆ ಈ ಪದ್ಧತಿ ಪರಕೀಯವೆನಿಸಲಾರದು. ಸಾವು, ಮದುವೆ, ಹಬ್ಬಗಳ ನಡುವೆ ಬಾಡಿಗೆಗೆ ನುಡಿಸುವ ಬೀದಿಯ ಮೇಳವೊಂದು ಜಗತ್ತು ಕೇಳುವ ಸಂಗೀತವಾಗಿ ಬೆಳೆಯಿತು, ಇನ್ನೊಂದು ತನ್ನ ಊರಿನ ಗಡಿ ದಾಟಲಿಲ್ಲ. ಈ ವ್ಯತ್ಯಾಸದ ಕಾರಣವನ್ನು ಸಂಗೀತದ ಒಳಗೆ ಹುಡುಕಿದರೆ ಸಿಗುವುದಿಲ್ಲ.

ಕೊಲ್ಹಾರವು ಕೃಷ್ಣಾ ನದಿಯ ದಂಡೆಯ ಊರು, ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗಟ್ಟಿದ ಗಟ್ಟಿ ಮೊಸರಿಗೆ ಹೆಸರಾದದ್ದು. 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟು ಪೂರ್ಣಗೊಂಡು, 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲುವಂತಾದಾಗ ಹಳೆಯ ಕೊಲ್ಹಾರ ಹಿನ್ನೀರಿನ ಪಾಲಾಯಿತು, ಜನ ಎತ್ತರದ ನೆಲದಲ್ಲಿ ಹೊಸ ಊರು ಕಟ್ಟಿಕೊಂಡರು. ಊರು ಮುಳುಗುವಾಗ ಮನೆ, ಗುಡಿ, ಹೊಲಗಳ ಜತೆಗೆ ಮೆರವಣಿಗೆಯ ದಾರಿಯೂ ಮುಳುಗುತ್ತದೆ. ಯಾವ ಓಣಿಯ ತಿರುವಿನಲ್ಲಿ ನಿಂತು ನುಡಿಸಬೇಕು, ಯಾವ ಕಟ್ಟೆಯ ಮುಂದೆ ಧಾಟಿ ಬದಲಾಯಿಸಬೇಕು ಎಂಬ ತಲೆಮಾರುಗಳ ತಿಳಿವಳಿಕೆ ವಾದ್ಯದವರ ಕಾಲುಗಳಲ್ಲಿ ಇರುವಂಥದ್ದು, ಹೊಸ ಊರಿನ ಅಗಲವಾದ ನೇರ ರಸ್ತೆಗಳಲ್ಲಿ ಅದನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ. ಪರಿಹಾರದ ಯಾವ ಪಟ್ಟಿಯಲ್ಲೂ ಸೇರದ ನಷ್ಟವಿದು. ನದಿಯ ಮೇಲೆ ಸುಮಾರು 3 ಕಿಲೋಮೀಟರ್ ಉದ್ದದ ಸೇತುವೆ ಇದೆ, ಅದನ್ನು ದಾಟಿದರೆ ಕೊರ್ತಿ, ಮುಂದೆ ಬೀಳಗಿ. 1997ರವರೆಗೆ ಎರಡೂ ದಂಡೆಗಳು ಒಂದೇ ಬಿಜಾಪುರ ಜಿಲ್ಲೆಯಲ್ಲಿದ್ದವು. ಜಿಲ್ಲೆ ಒಡೆದು ಬಾಗಲಕೋಟೆ ಬೇರೆಯಾದ ಮೇಲೂ ಬೀಗತನ ಮತ್ತು ಬಾಜಾ ಭಜಂತ್ರಿ ಈ ಸೇತುವೆಯ ಮೇಲೆ ಎರಡೂ ದಿಕ್ಕಿಗೆ ಓಡಾಡುತ್ತಲೇ ಇವೆ.

ಈ ಸೀಮೆಯ ಮುಖ್ಯ ಮಂಗಳವಾದ್ಯ ಸನಾದಿ. ಶಹನಾಯಿ ಎಂಬ ಹೆಸರೇ ಕನ್ನಡದ ಬಾಯಲ್ಲಿ ಹೀಗೆ ತಿರುಗಿದೆ. ಮರದ ಕೊಳವೆ, ಕೆಳಗೆ ಅಗಲವಾಗಿ ಅರಳಿದ ಲೋಹದ ಬಾಯಿ, ಮೇಲೆ ತುಟಿಗಳ ನಡುವೆ ಹಿಡಿಯುವ ಜೋಡಿ ಎಸಳಿನ ಪತ್ತಿ, ಬೆರಳಾಡಿಸಲು ಏಳೆಂಟು ರಂಧ್ರ: ವಾದ್ಯದ ರಚನೆ ಇಷ್ಟೇ. ಆದರೆ ರಂಧ್ರ ಎಷ್ಟು ತೆರೆದಿದೆ, ತುಟಿ ಎಷ್ಟು ಒತ್ತಿದೆ ಎಂಬುದರ ಮೇಲೆ ಸ್ವರ ಜಾರುವುದರಿಂದ ಇದು ಮನುಷ್ಯನ ಕೊರಳಿಗೆ ಬಹಳ ಹತ್ತಿರ ನಿಲ್ಲುತ್ತದೆ. ಮೇಳದಲ್ಲಿ ಒಬ್ಬ ಮುಖ್ಯ ಸನಾದಿ ನುಡಿಸಿದರೆ ಇನ್ನೊಬ್ಬ ಶ್ರುತಿ ಹಿಡಿಯುತ್ತಾನೆ. ಶ್ರುತಿ ಹಿಡಿಯುವುದೆಂದರೆ ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು ಮೂಗಿನಿಂದ ಉಸಿರೆಳೆಯುತ್ತ, ಒಂದೇ ಆಧಾರ ಸ್ವರವನ್ನು ಕಡಿಯದೆ ನುಡಿಸುತ್ತಿರುವುದು. ಜತೆಗೆ ಡೋಲು ಅಥವಾ ಸಂಬಾಳ, ತಾಳ. ಕರಡಿ ಮಜಲು ಎಂಬ ಮೇಳದಲ್ಲಿ ಇದೇ ಸನಾದಿಯೊಡನೆ ಸೊಂಟಕ್ಕೆ ಕಟ್ಟಿಕೊಳ್ಳುವ ಕರಡಿ ಎಂಬ ಎರಡು ಮುಖದ ಚರ್ಮವಾದ್ಯ ಸೇರುತ್ತದೆ. ಮಜಲು ಎಂದರೆ ಹಂತ. ನಿಧಾನದಲ್ಲಿ ಆರಂಭವಾದ ಲಯ ಹಂತಹಂತವಾಗಿ ಬಿರುಸಾಗುತ್ತ ಏರುವುದು ಈ ಮೇಳದ ಜೀವ.

ಮೇಳದ ಹಿರಿಯನ ಕೆಲಸದ ನಿಜವಾದ ಸೂಕ್ಷ್ಮ ಕಾಣುವುದು ಗಟ್ಟಿಮೇಳದ ಹೊತ್ತಿನಲ್ಲಿ. ಅಕ್ಕಿಕಾಳು ಬೀಳುವ, ತಾಳಿ ಕಟ್ಟುವ ಆ ಗಳಿಗೆಯಲ್ಲಿ ಎಲ್ಲ ವಾದ್ಯಗಳೂ ಒಮ್ಮೆಲೇ ಗಟ್ಟಿಯಾಗಿ ಮೊಳಗಬೇಕು, ಆದರೆ ಆ ಗಳಿಗೆ ಯಾವಾಗ ಬರುತ್ತದೆ ಎಂಬುದು ಯಾರಿಗೂ ಮೊದಲೇ ತಿಳಿದಿರುವುದಿಲ್ಲ. ಮಂತ್ರ ಅಥವಾ ವಚನ ಮುಗಿಯಲು ತಡವಾಗುತ್ತದೆ, ಯಾವುದೋ ಹತ್ತಿರದ ನೆಂಟರು ಇನ್ನೂ ಬಂದಿರುವುದಿಲ್ಲ, ಹಿರಿಯರ ನಡುವೆ ಮಾತು ಬೆಳೆದಿರುತ್ತದೆ. ಅಷ್ಟು ಹೊತ್ತು ರಾಗದ ಎಳೆ ಕಡಿಯದಂತೆ, ಕೇಳುವವರಿಗೆ ಬೇಸರವಾಗದಂತೆ ಧಾಟಿಯನ್ನು ಹಿಗ್ಗಿಸುತ್ತಿದ್ದು, ಹಂದರದ ಆಚೆ ತುದಿಯಲ್ಲಿ ಒಂದು ಕೈ ಮೇಲೆದ್ದ ಕ್ಷಣವೇ ಅರ್ಧದಲ್ಲಿರುವ ಸ್ವರವನ್ನು ಅಲ್ಲೇ ತಿರುಗಿಸಿ ಗಟ್ಟಿಮೇಳಕ್ಕೆ ತರಬೇಕು. ಡೋಲಿನವನು, ಶ್ರುತಿಯವನು, ತಾಳದವನು ಇವರೆಲ್ಲ ನೋಡುವುದು ಪುರೋಹಿತರನ್ನಲ್ಲ, ಮುಂದಿನವನ ಹುಬ್ಬನ್ನು, ಹೆಗಲನ್ನು, ಸನಾದಿಯ ಬಾಯಿ ಎತ್ತ ತಿರುಗಿತು ಎಂಬುದನ್ನು. ಇಡೀ ಮದುವೆ ಆ ಕ್ಷಣವನ್ನು ನೆನಪಿಟ್ಟುಕೊಳ್ಳುತ್ತದೆ. ಅದನ್ನು ಅಷ್ಟು ಕರಾರುವಾಕ್ಕಾಗಿ ಕೂಡಿಸಿಕೊಟ್ಟವನ ಕಡೆಗೆ ಆ ಹೊತ್ತಿನಲ್ಲಿ ಯಾರ ಕಣ್ಣೂ ಇರುವುದಿಲ್ಲ.

ಜಾಜ್ ಮೇಳದ ಕಾರ್ಯವಿಧಾನ ಇದರಿಂದ ದೂರವಿಲ್ಲ. ಅಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಧಾಟಿಯನ್ನು ಮೊದಲು ಒಟ್ಟಾಗಿ ನುಡಿಸುತ್ತಾರೆ, ಅದಕ್ಕೆ ಹೆಡ್, ಅಂದರೆ ತಲೆ ಎಂದು ಹೆಸರು. ಬಳಿಕ ಆ ಧಾಟಿಯ ಅಡಿಯಲ್ಲಿರುವ ಸ್ವರಮೇಳದ ಆವರ್ತನ, ಬ್ಲೂಸ್‌ನಲ್ಲಿ ಸಾಮಾನ್ಯವಾಗಿ 12 ಅಳತೆಗಳದ್ದು, ಜನಪ್ರಿಯ ಗೀತೆಗಳಲ್ಲಿ ಹೆಚ್ಚಾಗಿ 32 ಅಳತೆಗಳದ್ದು, ಸುತ್ತಿ ಸುತ್ತಿ ಬರುತ್ತಿರುವಂತೆಯೇ ಒಬ್ಬೊಬ್ಬರಾಗಿ ಅದರ ಮೇಲೆ ತಮ್ಮದೇ ಹೊಸ ಸ್ವರಸಂಚಾರವನ್ನು ಆ ಕ್ಷಣದಲ್ಲಿಯೇ ಕಟ್ಟುತ್ತಾರೆ. ಕರ್ನಾಟಕ ಸಂಗೀತದಲ್ಲಿ ಮನೋಧರ್ಮವೆಂದೂ ಹಿಂದೂಸ್ತಾನಿಯಲ್ಲಿ ಉಪಜವೆಂದೂ ಕರೆಯುವ ಗುಣವೇ ಇದು. ಒಬ್ಬನು ಎಷ್ಟು ಸುತ್ತು ನುಡಿಸುತ್ತಾನೆ, ಮುಂದೆ ಯಾರ ಸರದಿ, ಯಾವಾಗ ಧಾಟಿಗೆ ಮರಳಬೇಕು ಎಂಬುದನ್ನು ಮುಂದಾಳು ಸನ್ನೆಯಲ್ಲೇ ತಿಳಿಸುತ್ತಾನೆ. ತನ್ನ ತಲೆಯ ಮೇಲೆ ಬೆರಳಿಟ್ಟು ತೋರಿಸಿದರೆ ಮೊದಲಿನ ಧಾಟಿಗೆ ಬನ್ನಿ ಎಂದರ್ಥ. ಅಲ್ಲಿ ಸ್ವರಮೇಳದ ಆವರ್ತನ ಚೌಕಟ್ಟಾದರೆ ಇಲ್ಲಿ ರಾಗ ಮತ್ತು ತಾಳ ಚೌಕಟ್ಟು. ಅಲ್ಲಿ ಹಲವರು ಸರದಿಯ ಮೇಲೆ ಕಲ್ಪಿಸಿದರೆ ಇಲ್ಲಿ ಬಹುಪಾಲು ಮುಂದಿನವನೇ ಕಲ್ಪಿಸುತ್ತಾನೆ. ಈ ಭೇದಗಳು ಸಣ್ಣವಲ್ಲ. ಆದರೆ ಗೊತ್ತಿರುವ ಚೌಕಟ್ಟಿನೊಳಗೆ ಗೊತ್ತಿಲ್ಲದ ದಾರಿ ಹಿಡಿದು, ಜತೆಯವರನ್ನು ಕೈಬಿಡದೆ ಮರಳಿ ಬರುವ ಕೌಶಲ ಎರಡೂ ಕಡೆ ಒಂದೇ. ಒಂದು ಕಡೆ ಅದನ್ನು ಕಲೆಯೆಂದು ವಿಶ್ವವಿದ್ಯಾಲಯಗಳಲ್ಲಿ ಕಲಿಸುತ್ತ, ಇನ್ನೊಂದು ಕಡೆ ಹಂದರದ ಖರ್ಚಿನ ಪಟ್ಟಿಯಲ್ಲಿ ಬಾಜಾದವರು ಎಂಬ ಒಂದು ಸಾಲಿಗೆ ಇಳಿಸುವುದು ನ್ಯಾಯವಲ್ಲ.

ಸನಾದಿಯ ಮೇಳಕ್ಕೆ ಪಕ್ಕದಲ್ಲಿ ಬಂದು ನಿಂತದ್ದು ಹಿತ್ತಾಳೆಯ ಬ್ಯಾಂಡ್. ನ್ಯೂ ಆರ್ಲಿಯನ್ಸ್‌ಗೆ ಟ್ರಂಪೆಟ್, ಟ್ರಾಂಬೋನ್, ಕ್ಲಾರಿನೆಟ್‌ಗಳು ಬಂದದ್ದು ಸೈನ್ಯದ ವಾದ್ಯತಂಡಗಳ ಮೂಲಕ. ಭಾರತಕ್ಕೂ ಅವು ಬಂದದ್ದು ಬ್ರಿಟಿಷ್ ದಂಡಿನ ಮೂಲಕವೇ. ಸಂಸ್ಥಾನಗಳು ದಂಡನ್ನು ನೋಡಿ ತಮ್ಮದೇ ಬ್ಯಾಂಡ್ ಇಟ್ಟುಕೊಂಡವು, ಮೈಸೂರು ಅರಮನೆಯ ಬ್ಯಾಂಡ್ ಅವುಗಳಲ್ಲಿ ಪ್ರಸಿದ್ಧವಾದದ್ದು. ಸಂಸ್ಥಾನ ಮತ್ತು ಸೈನ್ಯವನ್ನು ನೋಡಿ ಊರಿನ ಶ್ರೀಮಂತರು ಮದುವೆಗೆ ಬ್ಯಾಂಡ್ ಕರೆಸಿದರು, ಮೊದಲಿನಿಂದಲೂ ಮಂಗಳವಾದ್ಯ ನುಡಿಸುತ್ತಿದ್ದ ಮನೆತನಗಳವರೇ ಎಷ್ಟೋ ಕಡೆ ಕ್ಲಾರಿನೆಟ್ ಕೈಗೆತ್ತಿಕೊಂಡರು. ಹೊಸ ಟೊಪ್ಪಿಗೆ ಮತ್ತು ಜರಿಯಂಚಿನ ಕೋಟು ಬಂದವು, ಬೆರಳುಗಳು ಮಾತ್ರ ಹಳೆಯವೇ. ಭಾರತದ ಮದುವೆ ಬ್ಯಾಂಡ್‌ಗಳನ್ನು ಸುತ್ತಾಡಿ ಅಧ್ಯಯನ ಮಾಡಿ ಗ್ರೆಗೊರಿ ಬೂತ್ ಎಂಬ ವಿದ್ವಾಂಸ 2005ರಲ್ಲಿ ಇಡೀ ಪುಸ್ತಕವನ್ನೇ ಪ್ರಕಟಿಸಿದರು. ನಮ್ಮ ಓಣಿಯಲ್ಲೇ ಹಾದುಹೋಗುವ ವಿಷಯದ ಮೇಲೆ ಅಷ್ಟು ದೂರದಿಂದ ಬಂದವರೊಬ್ಬರು ಕೆಲಸ ಮಾಡಬೇಕಾಯಿತು ಎಂಬುದನ್ನು ನಾವು ಗಮನಿಸಬೇಕು.

ಈ ಬ್ಯಾಂಡ್‌ಗಳ ಮೂಲಕ ಜಾಜ್ ಕೂಡ, ಯಾರಿಗೂ ಹೆಸರು ಹೇಳದೆ, ಕೃಷ್ಣೆಯ ದಂಡೆಗೆ ಬಂದಿದೆ. 1935ರಲ್ಲಿ ಲಿಯೋನ್ ಅಬ್ಬೆ ಎಂಬ ಕಪ್ಪು ಅಮೆರಿಕನ್ ಪಿಟೀಲುವಾದಕ ತನ್ನ ಮೇಳದೊಂದಿಗೆ ಮುಂಬಯಿಯ ತಾಜ್ ಮಹಲ್ ಹೋಟೆಲಿನಲ್ಲಿ ನುಡಿಸಿದ ಮೇಲೆ ಆ ನಗರದಲ್ಲಿ ಜಾಜ್ ಬೇರೂರಿತು, ಚರ್ಚಿನ ಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿ ಕಲಿತಿದ್ದ ಗೋವೆಯ ವಾದಕರು ಅದನ್ನು ಕೈವಶ ಮಾಡಿಕೊಂಡರು. ಹೋಟೆಲಿನ ಸಂಬಳವಷ್ಟೇ ಸಾಲದ್ದರಿಂದ ಅವರು ಹಗಲಿನಲ್ಲಿ ಚಲನಚಿತ್ರದ ಧ್ವನಿಮುದ್ರಣ ಕೋಣೆಗಳಿಗೆ ಹೋದರು. ಚಿಕ್ ಚಾಕಲೇಟ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಗೋವೆಯ ಟ್ರಂಪೆಟ್ ವಾದಕ ಸಿ. ರಾಮಚಂದ್ರರ ಸಂಗೀತವಿದ್ದ 1951ರ ಅಲಬೇಲಾ ಚಿತ್ರಕ್ಕೆ ತನ್ನ ಮೇಳದ ಉಸಿರನ್ನು ಕೊಟ್ಟ. ಆ ಚಿತ್ರಗಳ ಹಾಡುಗಳು ರೇಡಿಯೋ ಮತ್ತು ಟೂರಿಂಗ್ ಟಾಕೀಸುಗಳಿಂದ ಊರೂರಿಗೆ ಹರಡಿ ಮದುವೆಯ ಬ್ಯಾಂಡಿನ ಬಾಯಿಗೆ ಬಂದಾಗ, ಕ್ಲಾರಿನೆಟ್ ಹಿಡಿದ ಹಳ್ಳಿಯ ವಾದಕ ತನಗೆ ಅರಿವಿಲ್ಲದೆಯೇ ನ್ಯೂ ಆರ್ಲಿಯನ್ಸ್‌ನ ಲಯದ ತೂಗಾಟವನ್ನು ತನ್ನ ಸನಾದಿಯ ಗಮಕದೊಡನೆ ಬೆರೆಸಿ ನುಡಿಸಿದ. ಸಾಗರ ದಾಟಿ ಬಂದ ಸಂಗೀತವೊಂದು ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಮದುಮಗನ ಕುದುರೆಯ ಮುಂದೆ ನಡೆದದ್ದು ಹೀಗೆ.

ಮೇಳದ ಹಿರಿಯನ ವರ್ಷವು ಪಂಚಾಂಗದ ಪ್ರಕಾರ ನಡೆಯುತ್ತದೆ. ಯುಗಾದಿಯ ನಂತರದ ಚೈತ್ರ, ವೈಶಾಖಗಳು, ಅದರಲ್ಲೂ ಸಾಮೂಹಿಕ ವಿವಾಹಗಳು ಹೆಚ್ಚಾಗಿ ನಡೆಯುವ ಬಸವ ಜಯಂತಿ ಮತ್ತು ಅಕ್ಷಯ ತೃತೀಯದ ದಿನಗಳು, ಅವನ ಸುಗ್ಗಿ. ಜ್ಯೇಷ್ಠದಲ್ಲಿ ಕಾರಹುಣ್ಣಿಮೆಗೆ ಬಣ್ಣ ಬಳಿದ ಎತ್ತುಗಳ ಮೆರವಣಿಗೆ ಇರುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ. ಶ್ರಾವಣದಲ್ಲಿ ಬಸವನ ಬಾಗೇವಾಡಿಯ ಬಸವೇಶ್ವರ ಜಾತ್ರೆಯೂ ಗುಡಿಗುಡಿಯ ಪಲ್ಲಕ್ಕಿ ಸೇವೆಯೂ ಬರುತ್ತವೆ. ಭಾದ್ರಪದದಲ್ಲಿ ಗಣಪತಿ ಬಂದು ಹೋದ ಕೂಡಲೇ ಪಿತೃಪಕ್ಷದ ಮೌನ, ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಇವುಗಳ ನಡುವೆ ಮೊಹರಂ ಮತ್ತು ಉರುಸುಗಳು. ಸುಗ್ಗಿಯ ದಿನಗಳಲ್ಲಿ ಒಂದೇ ಮುಹೂರ್ತಕ್ಕೆ ಮೂರು ಊರಿನವರು ವೀಳ್ಯ ಹಿಡಿದು ಬರುತ್ತಾರೆ, ಬೇಡಿಕೆಯಿಲ್ಲದ ದಿನಗಳಲ್ಲಿ ಒಬ್ಬರೂ ಬರುವುದಿಲ್ಲ. ನುಡಿಸುವವರಲ್ಲಿ ಹಲವರು ಉಳಿದ ತಿಂಗಳುಗಳಲ್ಲಿ ಬುಟ್ಟಿ ಹೆಣೆಯುತ್ತಾರೆ, ಕಸಬರಿಗೆ ಕಟ್ಟುತ್ತಾರೆ, ಕೂಲಿಗೆ ಹೋಗುತ್ತಾರೆ, ದುಡಿಮೆ ಹುಡುಕಿ ಗಡಿಯಾಚೆ ಮಹಾರಾಷ್ಟ್ರಕ್ಕೂ ಹೋಗುತ್ತಾರೆ. ಮುಹೂರ್ತದ ದಿನ ಅವರು ಊರಿನಲ್ಲಿರುವಂತೆ ನೋಡಿಕೊಳ್ಳುವುದು ಹಿರಿಯನ ಹೊಣೆ, ಅದಕ್ಕಾಗಿ ಮುಂಗಡವಾಗಿ ಬಂದ ಹಣದಲ್ಲಿ ದೊಡ್ಡ ಭಾಗವನ್ನು ಅವನು ಮೊದಲೇ ಹಂಚಿಬಿಟ್ಟಿರುತ್ತಾನೆ. ಹಣ ಕೊಟ್ಟ ಮನೆಯವರು ಮದುವೆ ಮುಂದೂಡಿದರೆ ಹಂಚಿದ್ದನ್ನು ಮರಳಿ ಕೇಳುವುದು ಹೇಗೆ ಎಂಬ ಇಕ್ಕಟ್ಟಿಗೆ ಸಂಗೀತದ ಯಾವ ಪಾಠದಲ್ಲೂ ಉತ್ತರವಿಲ್ಲ.

ಹಣ ಹಂಚುವ ಕ್ರಮ ಪಾಲಿನ ಲೆಕ್ಕದ್ದು. ಒಪ್ಪಿದ ಮೊತ್ತದಿಂದ ಗಾಡಿಯ ಬಾಡಿಗೆ ಮತ್ತು ಊಟ ಉಪಾಹಾರದ ಖರ್ಚು ಕಳೆದು ಉಳಿದದ್ದನ್ನು ಪಾಲು ಮಾಡುವಾಗ ವಾದ್ಯಗಳನ್ನು ಕೊಂಡವನು, ಕರಾರು ಮಾಡಿದವನು, ನಷ್ಟವಾದರೆ ಹೊರುವವನು ಹಿರಿಯನೇ ಆದ್ದರಿಂದ ಅವನಿಗೆ ಹೆಚ್ಚಿನ ಪಾಲು ಸಲ್ಲುತ್ತದೆ. ಮೆರವಣಿಗೆಯಲ್ಲಿ ಮದುಮಗನ ಮುಖಕ್ಕೆ ನಿವಾಳಿಸಿ ಕೊಡುವ ನೋಟುಗಳನ್ನು ಸಾಮಾನ್ಯವಾಗಿ ಎಲ್ಲರೂ ಸಮನಾಗಿ ಹಂಚಿಕೊಳ್ಳುತ್ತಾರೆ, ಮತ್ತು ಈ ಸಣ್ಣ ನೋಟುಗಳ ಲೆಕ್ಕದಲ್ಲಿ ಹಿರಿಯ ತೋರುವ ಪ್ರಾಮಾಣಿಕತೆಯೇ ಮೇಳ ಒಡೆಯದಂತೆ ಕಾಯುವ ದೊಡ್ಡ ಶಕ್ತಿ. ಹಿತ್ತಾಳೆಯ ವಾದ್ಯಗಳು ದೂರದ ಮೀರತ್ ನಗರದಲ್ಲಿ ತಯಾರಾಗುತ್ತವೆ. ಅಲ್ಲಿಯ ಜಾಲಿ ಕೋಠಿ ಎಂಬ ಪೇಟೆ ಇಡೀ ದೇಶದ ಬ್ಯಾಂಡ್‌ಗಳಿಗೆ ವಾದ್ಯ ಪೂರೈಸುತ್ತ ಬಂದಿದೆ. ಹೊಸ ವಾದ್ಯ ಕೊಂಡ ವರ್ಷ ಒಂದು ಸುಗ್ಗಿಯ ಗಳಿಕೆಯ ದೊಡ್ಡ ಭಾಗ ಅದಕ್ಕೇ ಹೋಗುತ್ತದೆ, ಆಮೇಲೆ ಬಿರುಕು ಬಿಟ್ಟಲ್ಲೆಲ್ಲ ಬೆಸುಗೆ ಹಾಕಿಸಿ ಹಲವು ವರ್ಷ ನಡೆಸಬೇಕಾಗುತ್ತದೆ. ಹಿಂದಿನ ಕಾಲದಲ್ಲಿ ಈ ಲೆಕ್ಕ ಬೇರೆಯಾಗಿತ್ತು. ಗುಡಿಯ ಸೇವೆಗೆ ಇನಾಮು ಭೂಮಿ, ಊರಿನ ಸೇವೆಗೆ ರಾಶಿಯ ಕಣದಲ್ಲಿ ಆಯ, ಅಂದರೆ ಬೆಳೆಯ ಒಂದಿಷ್ಟು ಭಾಗ, ಸಲ್ಲುತ್ತಿದ್ದವು. ಆಯದ ಕಾಲದಲ್ಲಿ ಹಸಿವಿಗೆ ಒಂದು ಮಿತಿ ಇತ್ತು, ಆದರೆ ಒಲ್ಲೆ ಎನ್ನುವ ಸ್ವಾತಂತ್ರ್ಯ ಇರಲಿಲ್ಲ. ಕರಾರಿನ ಕಾಲದಲ್ಲಿ ಸ್ವಾತಂತ್ರ್ಯವಿದೆ, ಮಿತಿಯಿಲ್ಲ.

ಜಾಜ್‌ನ ದೊಡ್ಡ ಮುಂದಾಳುಗಳೂ ಇದೇ ಗಣಿತದಲ್ಲಿ ಬಾಳಿದವರು. 1920ರ ದಶಕದಿಂದ 1974ರಲ್ಲಿ ತೀರಿಕೊಳ್ಳುವವರೆಗೆ ತನ್ನ ಮೇಳವನ್ನು ಒಡೆಯಲು ಬಿಡದ, 1963ರಲ್ಲಿ ಭಾರತಕ್ಕೂ ಬಂದಿದ್ದ ಡ್ಯೂಕ್ ಎಲಿಂಗ್ಟನ್, ದೊಡ್ಡ ಮೇಳಗಳಿಗೆ ಬೇಡಿಕೆ ಕುಸಿದ ವರ್ಷಗಳಲ್ಲಿ ತನ್ನ ಗೀತೆಗಳಿಂದ ಬರುತ್ತಿದ್ದ ರಾಯಧನವನ್ನು ಸುರಿದು ವಾದಕರಿಗೆ ಸಂಬಳ ಕೊಟ್ಟ. ಬರೆದದ್ದನ್ನು ಮರುದಿನವೇ ಕೇಳಿಸಿಕೊಳ್ಳಲು ಅವನಿಗೆ ಆ ಜನ ಬೇಕಿತ್ತು. ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್‌ನ ಗುರುವಾದ, 1922ರಲ್ಲಿ ಶಿಷ್ಯನನ್ನು ಶಿಕಾಗೋಗೆ ಕರೆಸಿಕೊಂಡು ತನ್ನ ಮೇಳದಲ್ಲಿ ಜಾಗ ಕೊಟ್ಟ ಕಿಂಗ್ ಆಲಿವರ್‌ಗೆ ಅಂಥ ಆಧಾರವಿರಲಿಲ್ಲ. ಹಲ್ಲು ಮತ್ತು ಒಸಡಿನ ರೋಗದಿಂದ ಊದಲಾಗದೆ, ಮೇಳ ಚದುರಿಹೋಗಿ, ಅವನು 1938ರಲ್ಲಿ ಸವಾನ್ನಾ ಎಂಬ ಊರಿನಲ್ಲಿ ಆಟದ ಮನೆಯೊಂದರ ಕಸ ಗುಡಿಸುವವನಾಗಿ ಕಣ್ಣು ಮುಚ್ಚಿದ. ಊದುವವನ ಬದುಕು ಅವನ ಹಲ್ಲು, ತುಟಿ ಮತ್ತು ಎದೆಗೂಡಿನಷ್ಟೇ ಗಟ್ಟಿ ಎಂಬ ಮಾತು ಸನಾದಿಯವನಿಗೂ ಅಷ್ಟೇ ಸಲ್ಲುತ್ತದೆ.

ಕೊಲ್ಹಾರದ ಸೇತುವೆಯ ಆಚೆಗಿನ ಬೀಳಗಿಯಲ್ಲಿ ಬಾಳಿದ ಅಪ್ಪಣ್ಣ ಈ ಸೀಮೆಯ ಸನಾದಿಗೆ ಹೆಸರು ತಂದ ಕಲಾವಿದ. ಅವನ ಬಾಳನ್ನು ಆಧರಿಸಿ ಕೃಷ್ಣಮೂರ್ತಿ ಪುರಾಣಿಕರು ಕಾದಂಬರಿ ಬರೆದರು, ಅದು 1977ರಲ್ಲಿ ವಿಜಯ್ ಅವರ ನಿರ್ದೇಶನದಲ್ಲಿ, ರಾಜಕುಮಾರ್ ಅವರ ಅಭಿನಯದಲ್ಲಿ, ಜಿ. ಕೆ. ವೆಂಕಟೇಶ್ ಅವರ ಸಂಗೀತದಲ್ಲಿ ಸನಾದಿ ಅಪ್ಪಣ್ಣ ಎಂಬ ಚಲನಚಿತ್ರವಾಗಿ ಇಡೀ ನಾಡನ್ನು ಮುಟ್ಟಿತು. ಚಿತ್ರದಲ್ಲಿ ಅಪ್ಪಣ್ಣನ ಸನಾದಿಯಾಗಿ ಕೇಳಿಸುವುದು ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿ. ಅಂಥ ಮಹಾನ್ ವಾದಕರು ಒಪ್ಪಿ ನುಡಿಸಿದ್ದು ಆ ಕಲೆಗೆ ಸಂದ ಗೌರವವೇ ಹೌದು. ಆದರೂ ಕನ್ನಡಿಗರ ಕಿವಿಯಲ್ಲಿ ಅಪ್ಪಣ್ಣನೆಂದು ಉಳಿದಿರುವ ನಾದ ಕೃಷ್ಣೆಯ ದಂಡೆಯದಲ್ಲ, ಕಾಶಿಯದು. ಜಾಜ್‌ನ ಆದಿಪುರುಷನೆಂದು ಹೇಳಲಾಗುವ ಬಡಿ ಬೋಲ್ಡನ್ ಎಂಬ ನ್ಯೂ ಆರ್ಲಿಯನ್ಸ್‌ನ ಮುಂದಾಳುವಿನದೂ ಇದೇ ಪಾಡು. 1907ರಲ್ಲಿ ಮಾನಸಿಕ ಆಸ್ಪತ್ರೆ ಸೇರಿ 1931ರಲ್ಲಿ ಅಲ್ಲಿಯೇ ತೀರಿಕೊಂಡ ಅವನ ಒಂದು ಸ್ವರವೂ ಇಂದು ಕೇಳಲು ಸಿಗುವುದಿಲ್ಲ. ಆದರೆ ಅವನ ನಂತರದ ತಲೆಮಾರಿಗೆ ಧ್ವನಿಮುದ್ರಿಕೆ ದೊರೆಯಿತು. 1917ರಲ್ಲಿ ಮೊದಲ ಜಾಜ್ ತಟ್ಟೆ ಹೊರಬಂದ ಮೇಲೆ, ಒಂದು ಊರಿನಲ್ಲಿ ನುಡಿಸಿದ್ದನ್ನು ಇನ್ನೊಂದು ಊರಿನ ಹುಡುಗ ನೂರು ಸಲ ಕೇಳಿ ಕಲಿಯುವುದು ಸಾಧ್ಯವಾಯಿತು. ವಿಮರ್ಶಕರು ಬರೆದರು, ಶಾಲೆಗಳು ತೆರೆದವು, 1961ರಲ್ಲಿ ಹಳೆಯ ವಾದಕರಿಗಾಗಿಯೇ ನ್ಯೂ ಆರ್ಲಿಯನ್ಸ್‌ನಲ್ಲಿ ಪ್ರಿಸರ್ವೇಷನ್ ಹಾಲ್ ಎಂಬ ಪುಟ್ಟ ಸಭಾಂಗಣ ಆರಂಭವಾಯಿತು. ಜಾಜ್ ಗೌರವ ಪಡೆದದ್ದು ಈ ದಾರಿಯಲ್ಲಿ. ನಮ್ಮ ಮೇಳಗಳಿಗೆ ಈ ಯಾವ ಮೆಟ್ಟಿಲೂ ಸರಿಯಾಗಿ ಸಿಗಲಿಲ್ಲ.

ಸಿಗದಿರುವುದಕ್ಕೆ ಜಾತಿಯೂ ಒಂದು ಕಾರಣ. ಸನಾದಿ ನುಡಿಸುವ ಮನೆತನಗಳಲ್ಲಿ ಹೆಚ್ಚಿನವು ಕೊರಮ, ಕೊರವ ಎಂದು ಕರೆಯಲಾಗುವ, ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವ ಸಮುದಾಯಕ್ಕೆ ಸೇರಿದವು. ಇವರ ಉಸಿರಿಲ್ಲದೆ ಮದುವೆ ಮಂಗಳವಾಗುವುದಿಲ್ಲ ಎಂದು ನಂಬಿದ ಸಮಾಜವೇ ಇವರನ್ನು ಹಂದರದ ಅಂಚಿನಲ್ಲಿ ಕೂರಿಸಿ, ಪಂಕ್ತಿ ಮುಗಿದ ಮೇಲೆ ಉಣ್ಣಲು ಕರೆಯಿತು. ಕಪ್ಪು ವಾದಕರು ನುಡಿಸುತ್ತಿದ್ದ ನ್ಯೂಯಾರ್ಕಿನ ಕಾಟನ್ ಕ್ಲಬ್‌ನಲ್ಲಿ ಕಪ್ಪು ಜನ ಗಿರಾಕಿಗಳಾಗಿ ಕೂರುವಂತಿರಲಿಲ್ಲ ಎಂಬುದನ್ನು ಓದಿ ಆಶ್ಚರ್ಯಪಡುವವರು ತಮ್ಮ ಊರಿನ ಹಂದರವನ್ನು ಒಮ್ಮೆ ನೆನೆಯಬೇಕು.

ಕನ್ನಡ ನಾಡಿನ ವಾದ್ಯಮನೆತನವೊಂದು ಜಾಜ್ ಜಗತ್ತನ್ನು ನೇರವಾಗಿ ಸಂಧಿಸಿದ ಉದಾಹರಣೆಯೂ ಇದೆ. ದಕ್ಷಿಣ ಕನ್ನಡದ ಸಜಿಪಮೂಡದಲ್ಲಿ 1949ರಲ್ಲಿ ನಾಗಸ್ವರ ವಾದಕರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥ್, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಮನಸೋತು, ಜಾಜ್‌ನ ಗುರುತಿನಂತಿದ್ದ ಆ ವಾದ್ಯವನ್ನು ಗಮಕಕ್ಕೆ ಒಗ್ಗಿಸಿ ಕರ್ನಾಟಕ ಸಂಗೀತಕ್ಕೆ ತಂದರು. ಅಮೆರಿಕದಲ್ಲಿ ಬೆಳೆದ ಜಾಜ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ, ಗೋಪಾಲನಾಥರ ಧ್ವನಿಮುದ್ರಿಕೆಯಿಂದ ದಾರಿ ಕಂಡುಕೊಂಡು, ಮುಂದೆ ಅವರೊಂದಿಗೇ ಒಂದು ಮೇಳ ಕಟ್ಟಿ 2008ರಲ್ಲಿ ಕಿನ್ಸ್‌ಮೆನ್ ಎಂಬ ಮುದ್ರಿಕೆ ಹೊರತಂದರು. ಬಂಧುಗಳು ಎಂಬುದು ಆ ಹೆಸರಿನ ಅರ್ಥ. ಇದಕ್ಕೂ ಮೊದಲೇ, 1980ರ ದಶಕದಲ್ಲಿ, ಬೆಂಗಳೂರಿನಲ್ಲಿ ಟಿ. ಎ. ಎಸ್. ಮಣಿ ಅವರು ಸ್ಥಾಪಿಸಿದ ಕರ್ನಾಟಕ ತಾಳವಾದ್ಯ ಕಾಲೇಜಿನ ಬಳಗ ಮತ್ತು ಗಾಯಕಿ ಆರ್. ಎ. ರಮಾಮಣಿ ಅಮೆರಿಕದ ಜಾಜ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ ನುಡಿಸಿ ಹಾಡಿದ ಜ್ಯೋತಿ ಎಂಬ ಮುದ್ರಿಕೆ ಯುರೋಪಿನ ಕೇಳುಗರನ್ನು ತಲುಪಿತ್ತು. ಬೆಂಗಳೂರಿನ ಜಾಜ್ ವಾದಕರು ಇಂದು ಹಗಲು ಪಾಠ ಹೇಳಿ, ಜಾಹೀರಾತಿಗೆ ನುಡಿಸಿ, ಸಂಜೆ ತಮ್ಮ ಮೇಳ ನಡೆಸುವ ಬಾಳು ಕೊಲ್ಹಾರದ ವಾದ್ಯದವರ ಬಾಳಿನಿಂದ ತೋರಿಕೆಯಲ್ಲಷ್ಟೇ ಬೇರೆ.

ಕಳೆದ ಎರಡು ದಶಕಗಳಲ್ಲಿ ಮೇಳಗಳ ಜಾಗವನ್ನು ಮೊದಲು ವಿದ್ಯುತ್ ಬ್ಯಾಂಜೊ ಪಾರ್ಟಿಗಳೂ ಆಮೇಲೆ ಡಿಜೆ ಪೆಟ್ಟಿಗೆಗಳೂ ಆಕ್ರಮಿಸಿವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು, ರಾತ್ರಿ 10ರ ನಂತರ ಧ್ವನಿವರ್ಧಕ ಕೂಡದು ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳಿದರೂ ಪೆಟ್ಟಿಗೆಗಳ ಗೋಡೆಯ ಮುಂದೆ ಸನಾದಿ ಕೇಳಿಸುವುದಿಲ್ಲ. ಪೆಟ್ಟಿಗೆಗೆ ಪಾಲು ಕೊಡಬೇಕಿಲ್ಲ, ಅದಕ್ಕೆ ಹಸಿವೆಯಿಲ್ಲ, ಆದರೆ ಹಂದರದ ಆ ತುದಿಯಲ್ಲಿ ಎದ್ದ ಕೈ ಅದಕ್ಕೆ ಕಾಣುವುದೂ ಇಲ್ಲ. 2020ರಲ್ಲಿ ಯುಗಾದಿಯ ದಿನವೇ, ಮಾರ್ಚ್ 25ರಂದು, ಲಾಕ್‌ಡೌನ್ ಜಾರಿಗೆ ಬಂದು ಮದುವೆಗೆ 50 ಜನರ ಮಿತಿ ಬಿದ್ದಾಗ ವಾದ್ಯದವರ ಇಡೀ ಸುಗ್ಗಿ ಕೈತಪ್ಪಿತು. ಜಾನಪದ ಅಕಾಡೆಮಿಯ ಪ್ರಶಸ್ತಿಗಳು, ಸರ್ಕಾರದ ಮಾಸಾಶನ ಹಿರಿಯ ಕಲಾವಿದರಿಗೆ ಆಸರೆಯಾಗುತ್ತವೆ, ಅವು ಬೇಕು. ಅದಕ್ಕಿಂತ ತುರ್ತಾಗಿ ಬೇಕಾದದ್ದು ಇಂದು ನುಡಿಸುತ್ತಿರುವವರ ಪೂರ್ಣ ಪ್ರಮಾಣದ ಧ್ವನಿಮುದ್ರಣ. ಒಂದು ಮದುವೆಯ ನಸುಕಿನಿಂದ ರಾತ್ರಿಯವರೆಗೆ ಮೇಳವೊಂದು ನುಡಿಸಿದ್ದೆಲ್ಲವನ್ನೂ, ನುಡಿಸಿದವರ ಹೆಸರಿನೊಂದಿಗೆ, ದಾಖಲಿಸಿಟ್ಟುಕೊಳ್ಳುವ ಕೆಲಸಕ್ಕೆ ದೊಡ್ಡ ಹಣವೇನೂ ಬೇಕಾಗುವುದಿಲ್ಲ.

ಕಲಿಕೆ ಈಗಲೂ ಮನೆಯೊಳಗೇ ನಡೆಯುತ್ತದೆ. ಹುಡುಗನ ಕೈಗೆ ಮೊದಲು ಬರುವುದು ತಾಳ, ಬಳಿಕ ಶ್ರುತಿಯ ಸನಾದಿ. ಅದರಲ್ಲಿ ರಾಗವಿಲ್ಲ, ಹೊರಳಿಕೆಯಿಲ್ಲ, ಮೆಚ್ಚಿ ನೋಟು ನಿವಾಳಿಸುವವರಿಲ್ಲ. ಒಂದೇ ಸ್ವರವನ್ನು ಕೆನ್ನೆ ನೋಯುವವರೆಗೆ, ಮೆರವಣಿಗೆಯ ದೂಳಿನಲ್ಲಿ ನಡೆಯುತ್ತ, ನಡುಗದಂತೆ ಹಿಡಿದಿರಬೇಕು. ಹೀಗೆ ಹಲವು ಸುಗ್ಗಿಗಳು ಕಳೆಯುವಷ್ಟರಲ್ಲಿ ಮುಂದೆ ನಡೆಯುವ ತಂದೆಯೋ ಸೋದರಮಾವನೋ ಯಾವ ಸ್ವರದ ಮೇಲೆ ನಿಲ್ಲುತ್ತಾನೆ, ದಣಿದಾಗ ಯಾವ ಧಾಟಿಗೆ ಹೊರಳುತ್ತಾನೆ, ಎದುರಿನ ಜನರ ಮುಖ ನೋಡಿ ಏನನ್ನು ಬಿಟ್ಟುಬಿಡುತ್ತಾನೆ ಎಂಬುದೆಲ್ಲ ಆ ಹುಡುಗನಿಗೆ ಬೆನ್ನ ಹಿಂದಿನಿಂದಲೇ ತಿಳಿದುಬಿಟ್ಟಿರುತ್ತದೆ. ಒಂದು ದಿನ ಹಿರಿಯನಿಗೆ ಕೆಮ್ಮು ಬಂದೋ ಹಲ್ಲು ನೋವಾಗಿಯೋ ಉಸಿರು ಸಾಲದೆ ಹೋದಾಗ, ಅವನು ನಡೆಯುತ್ತಲೇ ಪಕ್ಕಕ್ಕೆ ಸರಿಯುತ್ತಾನೆ, ಶ್ರುತಿ ಹಿಡಿದಿದ್ದವನು ಆ ಧಾಟಿಯನ್ನು ಬಿಟ್ಟ ಜಾಗದಿಂದಲೇ ಎತ್ತಿಕೊಳ್ಳುತ್ತಾನೆ. ಹಿರಿಯನು ಹಿಂದೆ ಬಂದು ಶ್ರುತಿ ಹಿಡಿಯುತ್ತಾನೆ.